ಕೇಳುವ ಕೈ, ಕೊಡುವ ಕೈ

ಊರು ಬಿಟ್ಟು ಬಂದು ಪರಸ್ಥಳದಲ್ಲಿ ನೆಲೆಸಿದವರಿಗೆಲ್ಲ ಒಂದು ಅನುಭವ ಸಾಮಾನ್ಯವಾದುದು. ಒಬ್ಬರ ಮನೆಯ ಬಾಗಿಲಿಗೆ ಹೋಗಿ ‘ನನಗೆ ಇಷ್ಟು ಸಹಾಯ ಬೇಕಾಗಿದೆ’ ಎಂದು ಬಾಯಿಬಿಟ್ಟು ಕೇಳುವುದಕ್ಕಿಂತ ಕಷ್ಟದ ಕೆಲಸ ಬೇರೊಂದಿಲ್ಲ. ಊರಿನಲ್ಲಾದರೆ ನಮ್ಮ ಮುಖ ನೋಡಿಯೇ ತಿಳಿದುಕೊಳ್ಳುವವರು ಇರುತ್ತಾರೆ. ಇಲ್ಲಿ ಹೇಳದೆ ಯಾರಿಗೂ ತಿಳಿಯದು; ಹೇಳಿದರೆ ಎಲ್ಲಿ ಮಾನ ಹೋಗುವುದೋ ಎಂಬ ಅಂಜಿಕೆ.

ನಾನು ಪುಣೆಗೆ ಬಂದ ಮೊದಲ ವರ್ಷದ ಮಾತು. ಬಾಡಿಗೆಯ ಮನೆಗೆ ಕೊಡಬೇಕಾದ ಡಿಪಾಜಿಟ್ಟಿಗೆ ಹಣ ಕಡಮೆ ಬಿತ್ತು. ನಮ್ಮ ಕಡೆಯವರೇ ಆದ ಹಿರಿಯರೊಬ್ಬರ ಮನೆಯ ಮುಂದೆ ಮೂರು ಸಲ ಹಾದುಹೋದೆ. ಮೂರು ಸಲವೂ ಬಾಗಿಲು ತಟ್ಟುವ ಧೈರ್ಯವಾಗಲಿಲ್ಲ. ನಾಲ್ಕನೆಯ ಸಲ ಅವರೇ ಹೊಸ್ತಿಲಲ್ಲಿ ನಿಂತಿದ್ದರು. ಒಳಗೆ ಕರೆದು ಕೂಡಿಸಿ, ಚಹ ಕೊಟ್ಟು, ನಾನು ತೊದಲುತ್ತ ಹೇಳಿದ್ದನ್ನೆಲ್ಲ ಕೇಳಿ, ಹಣವನ್ನು ಎಣಿಸಿ ಕೈಗಿಟ್ಟರು. ಉಪಕಾರದ ಮಾತಿಗಾಗಿ ನಾನು ತಡಕಾಡುತ್ತಿದ್ದಾಗ ಅವರೆಂದರು: “ನೋಡಪಾ, ನನಗೂ ನಿನ್ನ ಕಡೆಯಿಂದ ಒಂದು ಕೆಲಸ ಆಗಬೇಕಾಗೇದ. ನನ್ನ ಕಣ್ಣು ಈಗ ಸರಿಯಾಗಿ ಕಾಣಂಗಿಲ್ಲ. ಐತವಾರಕ್ಕೊಮ್ಮೆ ಬಂದು ವಾಚನಾಲಯದ ಲೆಕ್ಕಾ ಬರದುಕೊಟ್ಟೀಯೇನು?” “ಆಗಲಿ ಕಾಕಾ” ಎಂದೆ. ಬಗ್ಗಿದ್ದ ತಲೆ ತಾನಾಗಿಯೇ ನೆಟ್ಟಗಾಯಿತು.

ಆ ಹಿರಿಯರು ಅಂದು ಮಾಡಿದ ಉಪಕಾರ ಎಷ್ಟು ದೊಡ್ಡದೆಂಬುದು ನನಗೆ ತಿಳಿದದ್ದು ತಡವಾಗಿ. ಬ್ಯಾಂಕಿನ ಸಾಲದ ವಿಭಾಗದಲ್ಲಿ ಮೇಜಿನ ಈಚೆಗೆ ಕುಳಿತು, ಆಚೆಗೆ ಕುಳಿತವರ ಮುಖಗಳನ್ನು ಹಲವು ವರ್ಷ ನೋಡಿದ ಮೇಲೆ. ನಮ್ಮ ಭಾಷೆಯಲ್ಲಿ ಎರಡು ಮಾತುಗಳಿವೆ: ವಿನಯ ಮತ್ತು ದೈನ್ಯ. ನೋಡಲು ಎರಡೂ ಒಂದೇ ಬಗೆ. ಎರಡರಲ್ಲಿಯೂ ತಲೆ ಬಾಗಿರುತ್ತದೆ. ಆದರೆ ವಿನಯ ತಾನಾಗಿ ಬಾಗಿದ ತಲೆ, ದೈನ್ಯ ಬೇರೆಯವರು ಬಗ್ಗಿಸಿದ ತಲೆ. ಕೇಳುವವನಲ್ಲಿ ದೈನ್ಯ ಹುಟ್ಟದಂತೆ ಕೊಡುವುದು ಹೇಗೆ, ಕೊಡುವವನಲ್ಲಿ ದೊಡ್ಡಸ್ತಿಕೆ ಬೆಳೆಯದಂತೆ ಕೇಳುವುದು ಹೇಗೆ ಎಂಬುದು ಎಲ್ಲ ಧರ್ಮಗಳನ್ನೂ ಕಾಡಿದ ಪ್ರಶ್ನೆ. ಕ್ರೈಸ್ತಧರ್ಮದಲ್ಲಿ ಈ ಪ್ರಶ್ನೆ ಪಡೆದ ಒಂದು ಉತ್ತರ ಕೊನೆಗೆ ಲೆಕ್ಕದ ಪುಸ್ತಕದ ರೂಪ ತಾಳಿ ನಮ್ಮ ಗದಗು ಸೀಮೆಯವರೆಗೂ ಬಂದಿತು. ಅದರ ಚರಿತ್ರೆಯನ್ನು ತಿಳಿದಮಟ್ಟಿಗೆ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕ್ರೈಸ್ತರ ಶಾಸ್ತ್ರದಲ್ಲಿ ಕೊಡುವವನಿಗೆ ಹೇಳಿದ ಬುದ್ಧಿಮಾತು ಎಲ್ಲರಿಗೂ ಗೊತ್ತಿರುವುದೇ: ದಾನ ಮಾಡುವಾಗ ಡಂಗುರ ಹೊಡೆಯಬಾರದು, ಬಲಗೈ ಮಾಡಿದ್ದು ಎಡಗೈಗೂ ತಿಳಿಯಬಾರದು. ಆದರೆ ಪಡೆಯುವವನ ವಿನಯವನ್ನು ಹೇಳುವ ಪ್ರಸಂಗವೂ ಅಲ್ಲಿದೆ. ಕಡೆಯ ಭೋಜನದ ರಾತ್ರಿ ಯೇಸು ಶಿಷ್ಯರ ಕಾಲು ತೊಳೆಯಲು ಬಗ್ಗಿದಾಗ ಪೇತ್ರನು ಒಪ್ಪಲಿಲ್ಲ. ಗುರು ತನ್ನ ಕಾಲು ಮುಟ್ಟುವುದೇ ಎಂಬುದು ಅವನ ಸಂಕೋಚ. ಆದರೆ ಗುರು ಆ ಸಂಕೋಚವನ್ನು ಮೆಚ್ಚಲಿಲ್ಲ. ತೊಳೆಸಿಕೊಳ್ಳದಿದ್ದರೆ ತನ್ನೊಂದಿಗೆ ಅವನಿಗೆ ಪಾಲಿಲ್ಲವೆಂದನು. ಸೇವೆ ಮಾಡಲು ಬೇಕಾಗುವಷ್ಟೇ ವಿನಯ ಸೇವೆಯನ್ನು ಸ್ವೀಕರಿಸಲೂ ಬೇಕೆಂಬುದು ಇದರ ತಾತ್ಪರ್ಯ.

ಈ ತತ್ವ ವ್ಯವಹಾರಕ್ಕೆ ಇಳಿದುದನ್ನು ಕಾಣಬೇಕಾದರೆ ಅಪೊಸ್ತಲ ಪೌಲನ ಪತ್ರಗಳನ್ನು ನೋಡಬೇಕು. ಕ್ರಿ.ಶ. ೫೫ರ ಸುಮಾರಿಗೆ ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಅವನು ಗ್ರೀಸ್ ಮತ್ತು ಮಕೆದೋನ್ಯದ ಸಭೆಗಳಿಂದ ಧನಸಂಗ್ರಹ ಮಾಡಿದನು. ಅವನು ಕೇಳಿದ ರೀತಿ ನಮ್ಮಂಥ ಗುಮಾಸ್ತರಿಗೆ ಬಹಳ ಹಿಡಿಸುವಂಥದು. ವಾರದ ಮೊದಲನೆಯ ದಿನ ಪ್ರತಿಯೊಬ್ಬನೂ ತನ್ನ ಸಂಪಾದನೆಗೆ ತಕ್ಕಷ್ಟು ತೆಗೆದಿಡಬೇಕು. ಹಣ ಒಯ್ಯಲು ಸಭೆಯವರೇ ತಮಗೆ ನಂಬಿಕೆಯುಳ್ಳವರನ್ನು ಆರಿಸಬೇಕು. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ತನ್ನ ಮೇಲೆ ಬೆರಳು ತೋರಿಸದಂತೆ ಇರಬೇಕು. ಅಪೊಸ್ತಲನಾದರೂ ತನ್ನ ಲೆಕ್ಕವನ್ನು ಹತ್ತು ಜನರ ಕಣ್ಣಿನ ಮುಂದೆ ಇಟ್ಟನು. ಇದು ಕೇಳುವವನ ವಿನಯ. ಇಂದು ನಿಮ್ಮಲ್ಲಿ ಇರುವುದು ಅವರ ಕೊರತೆಯನ್ನು ತುಂಬಲಿ, ನಾಳೆ ಅವರಲ್ಲಿ ಇರುವುದು ನಿಮ್ಮ ಕೊರತೆಯನ್ನು ತುಂಬೀತು ಎಂಬ ಅರ್ಥದಲ್ಲಿ ಅವನು ಕೊರಿಂಥದವರಿಗೆ ಬರೆದನು. ಅವನ ಮಾತಿನಲ್ಲಿ ಇದು ಸಮಾನತೆ. ದಾನಿ ಮತ್ತು ಯಾಚಕ ಎಂಬ ಎರಡು ಜಾತಿಗಳೇ ಅಲ್ಲಿಲ್ಲ.

ಸ್ವತಃ ಪೌಲನಿಗೆ ಕೈಚಾಚುವುದು ಸುಲಭವಾಗಿರಲಿಲ್ಲ. ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ಎಂಬ ದಂಪತಿಗಳ ಜೊತೆ ಗುಡಾರ ಮಾಡುವ ಕಸಬಿನಿಂದ ಅವನು ಹೊಟ್ಟೆ ಹೊರೆದನು. ಆದರೂ ಸೆರೆಯಲ್ಲಿದ್ದಾಗ ಫಿಲಿಪ್ಪಿಯವರು ಕಳಿಸಿದ ಸಹಾಯವನ್ನು ಸ್ವೀಕರಿಸಿ ಸಂತೋಷದಿಂದ ಪತ್ರ ಬರೆದನು. ಇನ್ನೂ ಒಂದು ಸೂಕ್ಷ್ಮವಿದೆ. ಕೂಡಿಸಿದ ಹಣವನ್ನು ಹಿಡಿದು ಯೆರೂಸಲೇಮಿಗೆ ಹೊರಡುವ ಮುನ್ನ, ಅಲ್ಲಿಯವರು ಅದನ್ನು ಒಪ್ಪಿಕೊಳ್ಳುವಂತೆ ಪ್ರಾರ್ಥಿಸಿರೆಂದು ಅವನು ರೋಮಿನವರನ್ನು ಬೇಡಿಕೊಂಡನು. ಯೆಹೂದ್ಯರಲ್ಲದ ಸಭೆಗಳಿಂದ ಬಂದ ಹಣವನ್ನು ಯೆಹೂದ್ಯ ವಿಶ್ವಾಸಿಗಳು ಬೇಡವೆಂದಾರೆಂಬ ಭಯ ಅವನಿಗಿತ್ತು. ಕೊಡುವವನೂ ‘ದಯವಿಟ್ಟು ತೆಗೆದುಕೊಳ್ಳಿ’ ಎಂದು ಕೇಳಬೇಕಾಗುವ ಸಂದರ್ಭವಿದೆಯೆಂಬುದನ್ನು ಆ ಮಾತು ನೆನಪು ಮಾಡಿಕೊಡುತ್ತದೆ.

ಪೌಲನ ಕಾಲದಿಂದ ಹದಿನೆಂಟು ಶತಮಾನ ದಾಟಿ ಈಗ ಜರ್ಮನಿಗೆ ಬರೋಣ. ಬಿ.ಕಾಂ. ಓದಿದವರಿಗೆ ‘ರೈಫೈಸನ್ ಮಾದರಿ’ ಎಂಬ ಮಾತು ಪರಿಚಿತ. ಅಪರಿಮಿತ ಹೊಣೆ, ಸಣ್ಣ ಕಾರ್ಯಕ್ಷೇತ್ರ, ಗೌರವ ಸೇವೆ ಎಂದು ನಾವು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದುಂಟು. ಆ ಹೆಸರಿನ ಹಿಂದೆ ಒಬ್ಬ ಭಕ್ತನ ಜೀವನವಿದೆಯೆಂದು ಆಗ ನನಗೆ ಗೊತ್ತಿರಲಿಲ್ಲ.

ಫ್ರೀಡ್ರಿಷ್ ವಿಲ್‌ಹೆಲ್ಮ್ ರೈಫೈಸನ್ನರು ೧೮೧೮ನೆಯ ಮಾರ್ಚ್ ೩೦ರಂದು, ಪ್ರಷ್ಯಾ ರಾಜ್ಯಕ್ಕೆ ಸೇರಿದ್ದ ರೈನ್ ಪ್ರಾಂತದ ಹಾಮ್ ಎಂಬ ಚಿಕ್ಕ ಊರಿನಲ್ಲಿ ಜನಿಸಿದರು. ಒಂಬತ್ತು ಮಕ್ಕಳ ಸಂಸಾರ. ಅದರ ಭಾರವನ್ನು ಹೊತ್ತವರು ತಾಯಿ. ದೈವಭಕ್ತಿ ಬಂದುದು ಆ ತಾಯಿಯಿಂದ ಮತ್ತು ಊರಿನ ಪಾದ್ರಿಯಿಂದ. ಹದಿನೇಳನೆಯ ವಯಸ್ಸಿಗೆ ಸೈನ್ಯ ಸೇರಿದರು. ಆದರೆ ಕಣ್ಣಿನ ರೋಗ ಬಂದುದರಿಂದ ೧೮೪೩ರಲ್ಲಿ ಅದನ್ನು ಬಿಡಬೇಕಾಯಿತು. ಸರಕಾರಿ ನೌಕರಿಗೆ ಸೇರಿ, ೧೮೪೫ರಲ್ಲಿ, ಇಪ್ಪತ್ತೇಳನೆಯ ವಯಸ್ಸಿಗೆ, ವೆಸ್ಟರ್‌ವಾಲ್ಡ್ ಎಂಬ ಗುಡ್ಡಗಾಡಿನ ವೇಯರ್‌ಬುಷ್ ಹಳ್ಳಿಗಳ ಮೇಯರ್ ಆದರು.

ಮರುವರ್ಷವೇ ಬರ ಬಂತು. ಆಲೂಗಡ್ಡೆಗೆ ರೋಗ ಬಿದ್ದು, ಧಾನ್ಯದ ಬೆಳೆಯೂ ಕೆಟ್ಟು, ೧೮೪೬–೪೭ರ ಚಳಿಗಾಲದಲ್ಲಿ ಜನ ಹಸಿವಿನಿಂದ ಕಂಗೆಟ್ಟರು. ಸರಕಾರ ಹಿಟ್ಟು ಕಳಿಸಿತು. ಆದರೆ ನಗದು ಕೊಟ್ಟವರಿಗೆ ಮಾತ್ರ ಕೊಡಬೇಕೆಂದು ಕಟ್ಟಪ್ಪಣೆ ಮಾಡಿತು. ಹಸಿದವನ ಕೈಯಲ್ಲಿ ನಗದು ಎಲ್ಲಿಂದ ಬರಬೇಕು? ರೈಫೈಸನ್ನರು ಅಪ್ಪಣೆಯನ್ನು ಮೀರಿ, ಸಾಲಪತ್ರ ಬರೆಸಿಕೊಂಡು ಬಡವರಿಗೆ ಹಿಟ್ಟು ಹಂಚಿದರು. ಆಮೇಲೆ ಸ್ಥಿತಿವಂತರಿಂದ ಹಣ ಕೂಡಿಸಿ, ಧಾನ್ಯ ತರಿಸಿ, ಊರಿನಲ್ಲಿಯೇ ಒಲೆ ಕಟ್ಟಿಸಿ, ರೊಟ್ಟಿ ಸುಡಿಸಿ ಅಗ್ಗದ ಬೆಲೆಗೆ ಕೊಡಿಸಿದರು. ಇದೇ ಅವರ ರೊಟ್ಟಿಯ ಸಂಘ. ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಬಡವನಿಂದ ಅವರು ಸಾಲಪತ್ರ ಬರೆಸಿಕೊಂಡರು. ಬಿಟ್ಟಿಯಾಗಿ ಕೊಟ್ಟಿದ್ದರೆ ಅವನು ಭಿಕ್ಷುಕನಾಗುತ್ತಿದ್ದನು. ಬರೆಸಿಕೊಂಡುದರಿಂದ ಬೆಳೆ ಬಂದ ಮೇಲೆ ತೀರಿಸುವ ಗೃಹಸ್ಥನಾಗಿ ಉಳಿದನು.

೧೮೪೮ರಲ್ಲಿ ಫ್ಲಾಮರ್ಸ್‌ಫೆಲ್ಡ್ ಎಂಬಲ್ಲಿಗೆ ವರ್ಗವಾಯಿತು. ಅಲ್ಲಿಯ ರೈತನ ಗೋಳು ಬೇರೆ ಬಗೆಯದು. ದನ ಕೊಳ್ಳಲು ಸಾಲ ಮಾಡುವುದು, ಬಡ್ಡಿಗೆ ದನವೇ ಹೋಗುವುದು, ಕೊನೆಗೆ ಹೊಲವೂ ಹೋಗುವುದು. ೧೮೪೯ರಲ್ಲಿ ಸುಮಾರು ಅರವತ್ತು ಮಂದಿ ಅನುಕೂಲಸ್ಥರನ್ನು ಕೂಡಿಸಿ ರೈಫೈಸನ್ನರು ಒಂದು ಸಹಾಯಕ ಸಂಘ ಕಟ್ಟಿದರು. ಆ ಅರವತ್ತು ಮಂದಿ ತಮ್ಮ ಸರ್ವ ಆಸ್ತಿಯನ್ನು ಹೊಣೆಯಾಗಿಟ್ಟು ಹಣ ತಂದರು. ಸಂಘ ದನ ಕೊಂಡು ಬಡ ರೈತನಿಗೆ ಕೊಟ್ಟಿತು. ಅವನು ಐದು ವರ್ಷಗಳ ಕಂತಿನಲ್ಲಿ ತೀರಿಸಬೇಕು. ೧೮೫೨ರಲ್ಲಿ ಹೆಡ್ಡೆಸ್‌ಡಾರ್ಫ್‌ಗೆ ಬಂದ ಮೇಲೆ, ೧೮೫೪ರಲ್ಲಿ ಇನ್ನೂ ದೊಡ್ಡದೊಂದು ಧರ್ಮಸಂಘ ಸ್ಥಾಪಿಸಿದರು. ಸಾಲ ಕೊಡುವುದಷ್ಟೇ ಅಲ್ಲದೆ, ದಿಕ್ಕಿಲ್ಲದ ಮಕ್ಕಳ ಪಾಲನೆ, ಸೆರೆಯಿಂದ ಬಿಡುಗಡೆಯಾದವರಿಗೆ ಕೆಲಸ, ಜನರಿಗೆ ಪುಸ್ತಕ ಭಂಡಾರ, ಎಲ್ಲವೂ ಅದರ ಉದ್ದೇಶಗಳಾಗಿದ್ದುವು.

ಇಷ್ಟರವರೆಗಿನ ಕಥೆ ಒಬ್ಬ ಧರ್ಮಾತ್ಮನ ಕಥೆ; ಇಂಥ ಕಥೆಗಳು ನಮ್ಮ ನಾಡಿನಲ್ಲಿಯೂ ಹೇರಳ. ರೈಫೈಸನ್ನರ ಹಿರಿಮೆ ಇರುವುದು ಇದರ ಮುಂದೆ. ಅವರ ಧರ್ಮಸಂಘ ಸೊರಗತೊಡಗಿತು. ಸ್ಥಿತಿವಂತರ ಉತ್ಸಾಹ ವರ್ಷ ವರ್ಷಕ್ಕೆ ಕುಗ್ಗಿತು. ಹೊಣೆ ತಮ್ಮದು, ಲಾಭ ಬೇರೆಯವರದು ಎಂಬ ಬೇಸರ ತಲೆದೋರಿತು. ಒಂದೊಂದಾಗಿ ಸಂಘದ ಇತರ ಕೆಲಸಗಳು ನಿಂತು ಸಾಲದ ಕೆಲಸವೊಂದೇ ಉಳಿಯಿತು. ಬೇರೆಯವರಾಗಿದ್ದರೆ ‘ಜನಕ್ಕೆ ಕೃತಜ್ಞತೆಯಿಲ್ಲ, ಧನಿಕರಿಗೆ ಧರ್ಮವಿಲ್ಲ’ ಎಂದು ಬೈದು ಸುಮ್ಮನಾಗುತ್ತಿದ್ದರು. ರೈಫೈಸನ್ನರು ತಮ್ಮ ಕಟ್ಟಡದ ತಳಪಾಯವನ್ನೇ ಪರೀಕ್ಷಿಸಿದರು. ಜರ್ಮನಿಯ ಪಟ್ಟಣಗಳಲ್ಲಿ ಷುಲ್ಟ್ಸೆ-ಡೆಲಿಚ್ ಎಂಬವರು ಸ್ವಸಹಾಯದ ತಳಹದಿಯ ಮೇಲೆ ಸಂಘಗಳನ್ನು ನಡೆಸುತ್ತಿದ್ದರು. ಕ್ರೈಸ್ತ ದಯೆಯನ್ನು ನಂಬಿದ್ದ ರೈಫೈಸನ್ನರಿಗೆ ಆ ದಾರಿ ಮೊದಲು ಒಪ್ಪಿಗೆಯಾಗಿರಲಿಲ್ಲ. ಮುಂದೆಯೂ ಅವರಿಬ್ಬರಿಗೆ ಹಲವು ವಿಷಯಗಳಲ್ಲಿ ಕಟುವಾದ ವಾದ ನಡೆಯಿತು. ಆದರೂ ಈ ಒಂದು ಮಾತಿನಲ್ಲಿ ಸೋತು, ಬಹಳ ದಿನ ಯೋಚಿಸಿ, ೧೮೬೪ರಲ್ಲಿ ಹೆಡ್ಡೆಸ್‌ಡಾರ್ಫಿನ ಸಂಘವನ್ನು ಹೊಸದಾಗಿ ಕಟ್ಟಿದರು. ಧರ್ಮಸಂಘ ಹೋಗಿ ಸಾಲನಿಧಿಯ ಸಂಘವಾಯಿತು. ಹದಿನೆಂಟು ವರ್ಷ ಪ್ರೀತಿಯಿಂದ ನಡೆಸಿದ ಕೆಲಸದಲ್ಲಿ ತಪ್ಪಿದೆಯೆಂದು ಒಪ್ಪಿಕೊಳ್ಳುವುದು ಸಣ್ಣ ವಿನಯವಲ್ಲ.

ಹೊಸ ಸಂಘದ ಮುಖ್ಯ ನಿಯಮ ಇಷ್ಟೇ: ಸಾಲ ಬೇಕಾದವನು ಮೊದಲು ಸದಸ್ಯನಾಗಬೇಕು. ಕೊಡುವವರ ಸಂಘ ಒಂದು, ಪಡೆಯುವವರ ಸಾಲು ಇನ್ನೊಂದು ಎಂಬ ಭೇದ ಇದರಿಂದ ಅಳಿಯಿತು. ಎಲ್ಲರ ಸಾಲಕ್ಕೂ ಎಲ್ಲರೂ ಹೊಣೆ. ಇದರ ಅರ್ಥವನ್ನು ಕೊಂಚ ಬಿಡಿಸಿ ನೋಡಬೇಕು. ಹತ್ತು ಎಕರೆಯ ಒಡೆಯನೂ ಒಂದೇ ಹಸುವಿನ ಬಡವನೂ ಒಂದೇ ಕಾಗದಕ್ಕೆ ರುಜು ಹಾಕುತ್ತಾರೆ. ಬಡವನು ಸಾಲ ತೀರಿಸದಿದ್ದರೆ ಶ್ರೀಮಂತನ ಕಣಜಕ್ಕೆ ಕೈ ಬೀಳುತ್ತದೆ. ಆದಕಾರಣ ಶ್ರೀಮಂತನಿಗೆ ಬಡವನ ಹಸುವಿನ ಆರೋಗ್ಯವೂ ತನ್ನ ಚಿಂತೆಯಾಗುತ್ತದೆ. ಅಷ್ಟೇ ಅಲ್ಲ, ನೆರೆಯವನ ಸಾಲಕ್ಕೆ ಬಡವನೂ ಹೊಣೆಗಾರನೇ. ಇಂದು ಪಡೆಯುವವನೇ ಇಂದೇ ಕೊಡುವವನೂ ಆಗಿದ್ದಾನೆ. ಪೌಲನು ನಾಳೆಗೆಂದು ಹೇಳಿದ ಸಮಾನತೆಯನ್ನು ರೈಫೈಸನ್ನರು ಇಂದಿನ ಲೆಕ್ಕದಲ್ಲಿಯೇ ಬರೆದರು.

ಉಳಿದ ನಿಯಮಗಳೂ ಇದೇ ಮನೋಧರ್ಮದವು. ಸಂಘದ ವ್ಯಾಪ್ತಿ ಒಬ್ಬರನ್ನೊಬ್ಬರು ಬಲ್ಲ ಒಂದು ಸಣ್ಣ ಕ್ಷೇತ್ರ. ಸಾಲಕ್ಕೆ ಆಧಾರ ಮನುಷ್ಯನ ನಡತೆ. ಲಾಭವನ್ನು ಹಂಚಿಕೊಳ್ಳದೆ ಎಂದಿಗೂ ಒಡೆಯದ ಕಾದಿಟ್ಟ ನಿಧಿಗೆ ಸೇರಿಸಬೇಕು. ಅಧ್ಯಕ್ಷರಿಗೂ ಮಂಡಳಿಯವರಿಗೂ ಸಂಬಳವಿಲ್ಲ. ಸಂಬಳ ಒಬ್ಬನಿಗೆ ಮಾತ್ರ: ಲೆಕ್ಕ ಬರೆಯುವ ಗುಮಾಸ್ತನಿಗೆ. ಈ ನಿಯಮವನ್ನು ಓದಿದಾಗ ನನಗೆ ಸ್ವಲ್ಪ ಅಭಿಮಾನವುಂಟಾಯಿತೆಂದು ಹೇಳಿದರೆ ವಾಚಕರು ಕ್ಷಮಿಸಬೇಕು.

ಆದರೆ ಚರಿತ್ರೆ ಬರೆಯುವಾಗ ಕಲೆಗಳನ್ನು ಮರೆಮಾಚಬಾರದು. ಯೆಹೂದ್ಯ ವ್ಯಾಪಾರಿಗಳ ವಿಷಯದಲ್ಲಿ ರೈಫೈಸನ್ನರ ಬರವಣಿಗೆಯಲ್ಲಿ ಒಂದು ಜನಾಂಗವನ್ನೇ ಹಳಿಯುವ ಮಾತುಗಳುಂಟು. ನೆರೆಯವನನ್ನು ಪ್ರೀತಿಸಬೇಕೆಂದವರ ಪ್ರೀತಿ ಆ ಬಾಗಿಲಲ್ಲಿ ನಿಂತುಹೋಯಿತೆಂದೇ ಹೇಳಬೇಕು. ಅಪರಿಮಿತ ಹೊಣೆಗೂ ಮಿತಿಯಿತ್ತು. ಏನೂ ಇಲ್ಲದವನಿಗೆ ಹೊಣೆಯಾಗಲು ನೆರೆಯವರು ಹಿಂದೆಮುಂದೆ ನೋಡುವುದು ಸಹಜ. ತೀರ ಬಡವನು ಎಷ್ಟೋ ಕಡೆ ಸಂಘದ ಹೊರಗೆಯೇ ಉಳಿದನು.

ರೈಫೈಸನ್ನರ ಕೊನೆಯ ಕಾಲವೂ ಸುಖದ್ದಾಗಿರಲಿಲ್ಲ. ೧೮೬೩ರಲ್ಲಿ ಪತ್ನಿ ತೀರಿಕೊಂಡರು. ದೃಷ್ಟಿ ಬರಬರುತ್ತ ಕ್ಷೀಣಿಸಿತು. ೧೮೬೫ರಲ್ಲಿ, ನಾಲ್ವತ್ತೇಳನೆಯ ವಯಸ್ಸಿಗೇ, ನೌಕರಿಯಿಂದ ನಿವೃತ್ತರಾಗಬೇಕಾಯಿತು. ಸಂಸಾರ ನಡೆಯಲು ಸಿಗಾರಿನ ಉದ್ಯೋಗ ಮಾಡಿದರು, ಆಮೇಲೆ ದ್ರಾಕ್ಷಾರಸದ ವ್ಯಾಪಾರ ಮಾಡಿದರು. ೧೮೬೬ರಲ್ಲಿ ಸಾಲಸಂಘಗಳನ್ನು ಕುರಿತ ಅವರ ಗ್ರಂಥ ಹೊರಬಂದು ಜರ್ಮನಿಯ ಹಳ್ಳಿಹಳ್ಳಿಗೆ ಅವರ ಹೆಸರನ್ನು ಒಯ್ದಿತು. ಕಣ್ಣು ಕಾಣದ ತಂದೆಗೆ ಓದಿಹೇಳಿ, ಪತ್ರ ಬರೆದು, ಬಲಗೈಯಾಗಿ ನಿಂತವರು ಹಿರಿಯ ಮಗಳು ಅಮಾಲಿಯೆ. ಆಕೆ ಮದುವೆಯಾಗದೆ ಉಳಿದರು. ಊರಿಗೆಲ್ಲ ಸಹಾಯ ಕಲಿಸಿದವರು ಒಂದು ಪತ್ರಕ್ಕೂ ಮಗಳನ್ನು ಕೇಳಬೇಕಾಯಿತು. ತಂದೆಯ ಹೆಸರಿನಲ್ಲಿ ಲೋಕದ ತುಂಬ ಸಂಘಗಳಿವೆ. ಮಗಳ ಹೆಸರನ್ನು ಬಲ್ಲವರು ವಿರಳ. ೧೮೮೮ನೆಯ ಮಾರ್ಚ್ ೧೧ರಂದು, ಎಪ್ಪತ್ತು ತುಂಬಲು ಕೆಲವೇ ದಿನಗಳಿರುವಾಗ, ರೈಫೈಸನ್ನರು ತೀರಿಕೊಂಡರು.

ಇನ್ನು ಇದು ನಮ್ಮ ನಾಡಿಗೆ ಬಂದ ಬಗೆ. ೧೮೭೫ರ ಮೇ ತಿಂಗಳಲ್ಲಿ, ನಾವಿರುವ ಈ ಪುಣೆ ಜಿಲ್ಲೆಯ ಸುಪೆ ಗ್ರಾಮದಲ್ಲಿ, ಬಡ್ಡಿಯ ಹೊರೆ ತಾಳಲಾರದ ರೈತರು ಸಾಹುಕಾರರ ಮೇಲೆ ಎದ್ದು ಸಾಲಪತ್ರಗಳನ್ನು ಸುಟ್ಟರು. ದಖನ್ನಿನ ಈ ದಂಗೆಯ ಹಿಂದಿದ್ದುದು ವೆಸ್ಟರ್‌ವಾಲ್ಡ್‌ನಲ್ಲಿ ಕಂಡ ಬವಣೆಯೇ. ಅಲ್ಲಿ ಸಾಲಪತ್ರ ಮಾನ ಉಳಿಸಿತು, ಇಲ್ಲಿ ಕುತ್ತಿಗೆಯ ಉರುಲಾಯಿತು. ಮದರಾಸಿನ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ನರು ಯುರೋಪಿನ ಸಾಲಸಂಘಗಳನ್ನು ಅಧ್ಯಯನ ಮಾಡಿ ೧೮೯೫ ಮತ್ತು ೧೮೯೭ರಲ್ಲಿ ಎರಡು ಸಂಪುಟಗಳ ವರದಿ ಕೊಟ್ಟರು. ಅಷ್ಟು ದೊಡ್ಡ ವರದಿಯ ಸಾರ ಇಷ್ಟೇ: ಈ ದೇಶಕ್ಕೆ ಬೇಕಾದುದು ಒಬ್ಬ ರೈಫೈಸನ್, ಅವನನ್ನು ಹುಡುಕಬೇಕು. ೧೯೦೪ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯದೆಯಾಯಿತು. ಹಳ್ಳಿಯ ಸಂಘಗಳಿಗೆ ರೈಫೈಸನ್ನರ ಅಪರಿಮಿತ ಹೊಣೆಯೇ ನಿಯಮವಾಯಿತು.

ಮರುವರ್ಷ, ೧೯೦೫ರಲ್ಲಿ, ಆಗ ಮುಂಬಯಿ ಇಲಾಖೆಗೆ ಸೇರಿದ್ದ ಧಾರವಾಡ ಜಿಲ್ಲೆಯ ಗದಗು ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಹಕಾರಿ ಸಂಘ ಸ್ಥಾಪಿಸಿದರು. ಭಾರತದ ಕೃಷಿ ಪತ್ತಿನ ಸಂಘಗಳಲ್ಲಿ ಮೊದಲನೆಯದೆಂಬ ಗೌರವ ಅದಕ್ಕೆ ಸಲ್ಲುತ್ತದೆ. ‘ಪತ್ತು’ ಎಂಬ ಮಾತನ್ನು ನಾವು ಸಾಲವೆಂದೇ ತಿಳಿಯುತ್ತೇವೆ; ಅದರ ನಿಜವಾದ ಅರ್ಥ ನಂಬಿಕೆ. ಜರ್ಮನಿಯ ಒಬ್ಬ ಕ್ರೈಸ್ತನು ಬೈಬಲು ಓದಿ ಕಂಡುಕೊಂಡುದನ್ನು ಗದಗಿನ ರೈತರು ಮತಾಂತರವಿಲ್ಲದೆಯೇ ತಮ್ಮದನ್ನಾಗಿ ಮಾಡಿಕೊಂಡರು. ಅವರಿಗೆ ಅದು ತೀರ ಹೊಸದೆನಿಸಿರಲಾರದು. ನೀಡುವವನೇ ತಾನು ದಾಸನೆಂದು ತಿಳಿದು ನೀಡಬೇಕೆಂಬ ದಾಸೋಹದ ತತ್ವ ಶರಣರ ಕಾಲದಿಂದ ಆ ನೆಲದಲ್ಲಿತ್ತು. ೨೦೧೬ರಲ್ಲಿ ಯುನೆಸ್ಕೊ ಸಂಸ್ಥೆ ಸಹಕಾರ ಸಂಘದ ಕಲ್ಪನೆ ಮತ್ತು ಆಚರಣೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಂದು ಬ್ಯಾಂಕಿನಲ್ಲಿ ಸಾಲ ಕೊಡುವುದು ಮುಖ ನೋಡಿ ಅಲ್ಲ, ಗಣಕಯಂತ್ರ ತೋರಿಸುವ ಅಂಕಿ ನೋಡಿ. ಅದರಲ್ಲಿ ಒಂದು ಗುಣವಿದೆ. ಯಾರ ಮುಂದೆಯೂ ಹಲ್ಲು ಗಿಂಜಬೇಕಾಗಿಲ್ಲ. ಆದರೆ ಬದುಕಿನ ಎಲ್ಲ ಕೊರತೆಗಳಿಗೂ ಬ್ಯಾಂಕಿನಲ್ಲಿ ಅರ್ಜಿಯ ನಮೂನೆ ಸಿಗುವುದಿಲ್ಲ. ಬಾಣಂತನಕ್ಕೆ ತವರು ದೂರವಾದ ಹೆಣ್ಣುಮಗಳು, ಆಸ್ಪತ್ರೆಯಲ್ಲಿ ಭಾಷೆ ಬಾರದೆ ಕುಳಿತ ಮುದುಕರು, ಕೆಲಸ ಕಳೆದುಕೊಂಡುದನ್ನು ಮನೆಯಲ್ಲಿ ಹೇಳಲಾರದ ತರುಣ, ಇಂಥವರು ನಮ್ಮ ನೆರೆಯಲ್ಲಿಯೇ ಇದ್ದಾರೆ. ಅವರಲ್ಲಿ ಎಷ್ಟೋ ಜನ ನಮ್ಮ ಮನೆಯ ಮುಂದೆ ಮೂರು ಸಲ ಹಾದುಹೋಗಿರಬಹುದು. ಬಾಗಿಲು ತೆರೆದು ಕರೆಯುವುದು ನಮ್ಮ ಕೆಲಸ. ಕೊಟ್ಟ ಮೇಲೆ ಅವರಿಂದಲೂ ಏನಾದರೊಂದನ್ನು ಕೇಳಿ ಪಡೆಯುವುದು ಇನ್ನೂ ಮುಖ್ಯವಾದ ಕೆಲಸ: ಸಭೆಯ ದಿನ ಕುರ್ಚಿ ಹಾಕಲಿ, ಮಕ್ಕಳಿಗೆ ಕನ್ನಡ ಅಕ್ಷರ ಹೇಳಿಕೊಡಲಿ, ಮುಂದಿನ ಸಂಚಿಕೆಯ ಕರಡು ತಿದ್ದಲಿ.

ನಾನು ಆ ಹಿರಿಯರ ಸಾಲವನ್ನು ಹನ್ನೊಂದು ಕಂತುಗಳಲ್ಲಿ ತೀರಿಸಿದೆ. ಕೊನೆಯ ಕಂತು ಕೊಟ್ಟ ದಿನ ಅವರು ಹಣ ತೆಗೆದುಕೊಂಡು, “ಇದೇನೋ ತೀರಿತಪಾ, ಆದರ ಲೆಕ್ಕಾ ಬರಿಯೂದು ಬಿಡಬ್ಯಾಡ” ಎಂದರು. ಈಗ ಕಾಕಾ ಇಲ್ಲ. ಐತವಾರದ ಲೆಕ್ಕ ಮಾತ್ರ ನಡೆದಿದೆ. ಬರೆಯಲು ಇನ್ನೊಬ್ಬರು ಜೊತೆಯಾದರೆ ನನಗೆ ಉಪಕಾರವಾಗುತ್ತದೆ ಎಂದು ವಾಚಕರನ್ನು ಸಂಕೋಚವಿಲ್ಲದೆ ಕೇಳಿಕೊಂಡು ಈ ಲೇಖನವನ್ನು ಮುಗಿಸುತ್ತೇನೆ.